ಬೆಂಕಿಯಿಲ್ಲದ ಆವಿಗೆ

ರಸಾಯನಶಾಸ್ತ್ರಜ್ಞನೆಂದೊಡನೆ ಕಣ್ಣ ಮುಂದೆ ನಿಲ್ಲುವ ಚಿತ್ರವೊಂದುಂಟು. ಮೊಣಕಾಲಿನವರೆಗೆ ಇಳಿದ ಬಿಳಿಯ ಅಂಗಿ, ಆಮ್ಲ ಸಿಡಿದು ಅಲ್ಲಲ್ಲಿ ತೂತುಬಿದ್ದ ತೋಳು, ಹಳದಿಗಟ್ಟಿದ ಬೆರಳತುದಿ, ಇವುಗಳೊಡನೆ ಆ ವಾಸನೆ! ಕಾಲೇಜಿನ ಪ್ರಯೋಗಶಾಲೆಯ ಬಾಗಿಲನ್ನು ದಾಟಿ, ಮೂರು ಕೊಠಡಿಗಳಾಚೆ ಪಂಪನನ್ನು ಓದುತ್ತ ಕುಳಿತವರ ಮೂಗನ್ನೂ ಬಿಡದೆ ಕಾಡುವ ಕೊಳೆತ ಮೊಟ್ಟೆಯ ವಾಸನೆ. ಅದು ಬಂದಿತೆಂದರೆ ಪದವಿ ತರಗತಿಯವರ ಪ್ರಯೋಗ ನಡೆದಿದೆಯೆಂದು ಕಾಲೇಜಿನ ಜವಾನನೂ ಹೇಳಬಲ್ಲ.

ಈ ಚಿತ್ರಕ್ಕೆ ಸ್ವಲ್ಪವೂ ಹೊಂದದ ರಸಾಯನಶಾಸ್ತ್ರಜ್ಞರ ಕುಲವೊಂದು ಈಗ ಬೆಳೆದಿದೆ. ಇವರ ಅಂಗಿಯ ಮೇಲೆ ಕಲೆಯಿಲ್ಲ. ಮೇಜಿನ ಮೇಲೆ ಗಾಜಿನ ನಳಿಗೆಯಿಲ್ಲ, ದೀಪವಿಲ್ಲ, ತಕ್ಕಡಿಯಿಲ್ಲ. ಇರುವುದು ಒಂದು ಗಣಕಯಂತ್ರ, ಒಂದು ಟಿಪ್ಪಣಿ ಪುಸ್ತಕ ಮತ್ತು ತಣ್ಣಗಾದ ಚಹಾ. ಸಾವಿರದಿನ್ನೂರು ಡಿಗ್ರಿಯ ಶಾಖದಲ್ಲಿ ಒಂದು ಪದಾರ್ಥವು ಏನಾಗುವುದೆಂಬುದನ್ನು ಇವರು ಬೆಂಕಿಯ ಕಡ್ಡಿಯನ್ನೂ ಗೀರದೆ ಹೇಳಲು ಹೊರಟವರು. ಗಣನಾ ರಸಾಯನಶಾಸ್ತ್ರವೆಂದು ಇದಕ್ಕೆ ಹೆಸರು. ಹೆಸರೇನೋ ಗಂಭೀರವಾಗಿದೆ, ಆದರೆ ಬೆಳಗಾವಿಯ ಠಳಕವಾಡಿಯ ಯಾವುದೋ ಒಂದು ಮನೆಯಲ್ಲಿ ಕನ್ಯೆಯ ಕಡೆಯವರು, “ಹುಡುಗ ರಸಾಯನಶಾಸ್ತ್ರವೆಂದಿರಿ, ಯಾವ ಕಾರ್ಖಾನೆ?” ಎಂದು ಕೇಳಿದರೆ, ಉತ್ತರ ಹೇಳುವುದು ಅಷ್ಟೇನೂ ಸುಲಭವಲ್ಲ.

ಉತ್ತರವನ್ನು ಕಾರ್ಖಾನೆಯಿಂದಲೇ ಆರಂಭಿಸುವುದು ಮೇಲು; ಕಾರ್ಖಾನೆಗೂ ಹಿಂದಿನ ಕುಂಬಾರನ ತಿಗರಿಯಿಂದ ಆರಂಭಿಸಿದರೆ ಇನ್ನೂ ಮೇಲು.

ಬೆಳಗಾವಿಯಿಂದ ದಕ್ಷಿಣಕ್ಕೆ ಲೋಂಡಾದ ದಾರಿ ಹಿಡಿದು ಇಪ್ಪತ್ತೈದು ಕಿಲೋಮೀಟರಿನಷ್ಟು ಹೋದರೆ ಖಾನಾಪುರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಊರನ್ನು ಮುಟ್ಟಿಕೊಂಡು ಹರಿಯುತ್ತಾಳೆ. ಕನ್ನಡವೂ ಮರಾಠಿಯೂ ಒಂದೇ ಜಗಲಿಯ ಮೇಲೆ ಕುಳಿತು ಎಲೆ ಅಡಕೆ ಹಂಚಿಕೊಳ್ಳುವ ಊರದು. ಮಳೆಗೆ ಹೆಸರಾದ ಸೀಮೆ. ಮಳೆಯಿರುವಲ್ಲಿ ಹಂಚು ಬೇಕು. ಹಂಚಿಗೆ ತಕ್ಕ ಮಣ್ಣು ಆ ನೆಲದಲ್ಲೇ ಇದೆ. ಖಾನಾಪುರದ ಹಂಚು, ಇಟ್ಟಿಗೆ, ಮಡಕೆಗಳು ಸುತ್ತಲಿನ ಸೀಮೆಗೆಲ್ಲ ಪರಿಚಿತ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ತರಬೇತಿ ಸಂಸ್ಥೆಯೊಂದನ್ನು ಇಲ್ಲಿ ನಡೆಸಿಕೊಂಡು ಬಂದಿರುವುದು ಸುಮ್ಮನೆ ಅಲ್ಲ. ಸಿಮೆಂಟಿನ ಚಪ್ಪಡಿ ಬಂದ ಮೇಲೆ ಹಂಚಿನ ದರ್ಬಾರು ಮೊದಲಿನಂತೆ ಉಳಿದಿಲ್ಲವೆಂಬುದು ನಿಜ. ಆದರೂ ಆ ಕಡೆಯ ಕೆಂಪು ಮಾಡುಗಳನ್ನು ಆಷಾಢದ ಮಳೆಯಲ್ಲಿ ಒಮ್ಮೆ ನೋಡಿದವರು ಮರೆಯಲಾರರು.

ಕುಂಬಾರನಿಗೆ ಮಣ್ಣಿನ ವಿಷಯ ಎಷ್ಟು ಗೊತ್ತು? ಹೆಬ್ಬೆರಳಿನಷ್ಟು ಗೊತ್ತು, ಎಂದರೆ ಬೇಕಾದಷ್ಟು ಗೊತ್ತು. ಹಿಡಿ ಮಣ್ಣನ್ನು ಒದ್ದೆಮಾಡಿ ಬೆರಳುಗಳ ನಡುವೆ ಹೊಸೆದು, ಅದು ಬಳ್ಳಿಯಂತೆ ಬಾಗುವುದೋ ಬಿರಿಯುವುದೋ ನೋಡುತ್ತಾನೆ. ಆವಿಗೆಯ ಬೆಂಕಿ ಮೊದಲು ಸಣ್ಣಗಿರಬೇಕು, ಆಮೇಲೆ ಏರಬೇಕು. ಅವಸರ ಮಾಡಿದರೆ ಪಾತ್ರೆ ಸೀಳುತ್ತದೆ. ಬೆಂದ ಗಡಿಗೆಯನ್ನು ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಇವಿಷ್ಟೂ ತಲೆಮಾರುಗಳಿಂದ ಕೈಯಿಂದ ಕೈಗೆ ಬಂದ ಶಾಸ್ತ್ರ. ಇದರ ಒಂದೊಂದು ಸೂತ್ರಕ್ಕೂ ಮಣ್ಣಿನೊಳಗೆ ಕಾರಣವಿದೆಯೆಂಬುದು ಮಾತ್ರ ತೀರ ಇತ್ತೀಚಿನ ತಿಳಿವು.

ಜೇಡಿಮಣ್ಣಿನ ಮುಖ್ಯ ಖನಿಜಗಳಲ್ಲೊಂದು ಕಾಯೊಲಿನೈಟ್. ಇದರ ಒಳಗಿನ ಕಟ್ಟಡವನ್ನು 1930ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ವಿವರಿಸಿದ. ಸಿಲಿಕಾನು ಮತ್ತು ಆಮ್ಲಜನಕ ಸೇರಿ ಒಂದು ಹಾಳೆ. ಅಲ್ಯುಮಿನಿಯಮ್ಮು, ಆಮ್ಲಜನಕ ಮತ್ತು ಜಲಜನಕ ಸೇರಿ ಇನ್ನೊಂದು ಹಾಳೆ. ಎರಡೂ ಬೆನ್ನಿಗೆ ಬೆನ್ನು ಅಂಟಿಕೊಂಡು ಒಂದು ಪದರ. ಇಂಥ ಪದರಗಳು, ಮದುವೆಮನೆಯಲ್ಲಿ ಅಡುಕಿಟ್ಟ ಹೋಳಿಗೆಯಂತೆ, ಒಂದರ ಮೇಲೊಂದು ಕೂತಿರುತ್ತವೆ. ಒದ್ದೆಯಾದಾಗ ಮಣ್ಣಿನ ಚಪ್ಪಟೆ ಕಣಗಳ ನಡುವೆ ನೀರು ಸೇರಿ ಅವು ಒಂದರ ಮೇಲೊಂದು ಜಾರುತ್ತವೆ. ಕುಂಬಾರನ ಹೆಬ್ಬೆರಳಿಗೆ ತಾಕುವ ನುಣುಪು ಇದೇ. ಒಲೆಯಲ್ಲಿಟ್ಟರೆ ಆ ಮೇಲುನೀರು ಮೊದಲು ಆರಿಹೋಗುವುದು. ಆದರೆ ಖನಿಜದ ಮೈಯಲ್ಲೇ ಬಂಧಿಯಾಗಿರುವ ಜಲಜನಕ ಆಮ್ಲಜನಕಗಳು ನೀರಾಗಿ ಹೊರಬೀಳುವುದು ಸುಮಾರು 550 ಡಿಗ್ರಿಯ ಆಸುಪಾಸಿನಲ್ಲಿ. ಶುದ್ಧ ಕಾಯೊಲಿನೈಟಿನ ನೂರು ಕಿಲೋದಲ್ಲಿ ಹೀಗೆ ಹೊರಬೀಳುವ ನೀರು ಹದಿನಾಲ್ಕು ಕಿಲೋದಷ್ಟು! ಒಣಗಿ ಗಟ್ಟಿಯಾಗಿ ಕಾಣುವ ಹಸಿ ಹಂಚು ತನ್ನ ಒಡಲಲ್ಲಿ ಇಷ್ಟು ನೀರನ್ನು ಮುಚ್ಚಿಟ್ಟುಕೊಂಡಿರುತ್ತದೆಂದರೆ ಯಾರು ನಂಬುವರು? ಊರ ಮಣ್ಣು ಶುದ್ಧ ಖನಿಜವಲ್ಲ, ಮರಳೂ ಕಬ್ಬಿಣದ ಅಂಶವೂ ಬೆರೆತದ್ದು. ಹಂಚಿಗೆ ಕೆಂಪು ಕೊಡುವುದೇ ಆ ಕಬ್ಬಿಣ. ಆದರೂ ಬೆಂಕಿಯನ್ನು ಮೆಲ್ಲಗೆ ಏರಿಸಬೇಕೆಂಬ ಅಜ್ಜನ ಮಾತಿನ ಹಿಂದಿರುವುದು ಈ ನೀರಿನ ಕಥೆಯೇ.

ಇನ್ನು ಬೆಳಗಾವಿಗೆ ಬಂದರೆ, ನಗರದ ಉತ್ತರಕ್ಕೆ ಯಮನಾಪುರದಲ್ಲಿ ಅಲ್ಯುಮಿನಾ ಕಾರ್ಖಾನೆ ಇದೆ. ಹಿಂದೆ ಅದು ಇಂಡಾಲ್, ಈಗ ಹಿಂಡಾಲ್ಕೋ. ಬಾಕ್ಸೈಟೆಂಬ ಕೆಂಪು ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಕಲ್ಮಶ ಕಳೆದು, ಬಿಳಿಯ ಪುಡಿ ತೆಗೆಯುವ ಈ ವಿಧಾನಕ್ಕೆ 1888ರಲ್ಲಿ ಕಾರ್ಲ್ ಬಾಯರ್ ಎಂಬಾತ ಮೂಲಪುರುಷ. ಆ ಪುಡಿಯನ್ನು ಸುಮಾರು 1,200 ಡಿಗ್ರಿಯವರೆಗೆ ಕಾಯಿಸಿದರೆ ಬಹಳ ಕಾಠಿಣ್ಯದ ಆಲ್ಫಾ ಅಲ್ಯುಮಿನಾ ದೊರೆಯುತ್ತದೆ. ಮೋಟಾರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಮೈಯಾಗಿ, ಸವೆದ ಸೊಂಟದ ಕೀಲಿನ ಜಾಗದಲ್ಲಿ ವೈದ್ಯರು ಕೂಡಿಸುವ ಗುಂಡಾಗಿ ಅದು ದುಡಿಯುತ್ತದೆ. ಆದರೆ ಪುಡಿಯು ನೇರವಾಗಿ ಈ ರೂಪಕ್ಕೆ ಬರುವುದಿಲ್ಲ. ನಡುವೆ ಗಾಮಾ ಮೊದಲಾದ ಅವತಾರಗಳನ್ನು ತಾಳುತ್ತದೆ. ಆ ಗಾಮಾ ಅಲ್ಯುಮಿನಾದ ಒಳಗೆ ಪರಮಾಣುಗಳು ನಿಖರವಾಗಿ ಎಲ್ಲೆಲ್ಲಿ ಕೂತಿವೆ ಎಂಬ ವಿಷಯದಲ್ಲಿ ವಿದ್ವಾಂಸರ ಜಗಳ ಇನ್ನೂ ತೀರಿಲ್ಲ. ಅಳೆದು ನೋಡೋಣವೆಂದರೆ ಅದರ ಹರಳುಗಳು ಅತಿ ಚಿಕ್ಕವು, ಅಸ್ತವ್ಯಸ್ತವಾದವು. ಕಣ್ಣಿಗೆ ನಿಲುಕದ್ದನ್ನು ಲೆಕ್ಕದಿಂದ ಹಿಡಿಯಬೇಕು. ಗಣನಾ ರಸಾಯನಶಾಸ್ತ್ರಜ್ಞನ ಪ್ರವೇಶ ಇಲ್ಲಿಯೇ.

ಲೆಕ್ಕವೆಂದರೆ ಎಂಥ ಲೆಕ್ಕ? ಪರಮಾಣುವಿನೊಳಗೆ ಎಲೆಕ್ಟ್ರಾನು ಹೇಗೆ ನಡೆದುಕೊಳ್ಳುವುದೆಂಬ ಸಮೀಕರಣವನ್ನು 1926ರಲ್ಲಿಯೇ ಶ್ರೋಡಿಂಗರ್ ಬರೆದುಕೊಟ್ಟಿದ್ದ. ಮೂರು ವರ್ಷಗಳ ತರುವಾಯ ಡಿರಾಕ್, ರಸಾಯನಶಾಸ್ತ್ರಕ್ಕೆ ಬೇಕಾದ ಮೂಲ ನಿಯಮಗಳೆಲ್ಲ ಗೊತ್ತಾಗಿಬಿಟ್ಟಿವೆ, ತೊಡಕಿರುವುದು ಸಮೀಕರಣಗಳನ್ನು ಬಿಡಿಸುವುದರಲ್ಲಿ ಮಾತ್ರ ಎಂಬರ್ಥದ ಮಾತನ್ನು ಹೇಳಿದ. ‘ಮಾತ್ರ’ ಎಂಬ ಆ ಒಂದು ಪದದಲ್ಲಿ ಮುಂದಿನ ನೂರು ವರ್ಷದ ದುಡಿಮೆ ಅಡಗಿತ್ತು! ಖಾನಾಪುರದ ಮಣ್ಣಿನ ಆ ಕಾಯೊಲಿನೈಟನ್ನೇ ತೆಗೆದುಕೊಂಡರೆ, ಅದರ ಒಂದು ಸೂತ್ರದಲ್ಲಿರುವುದು 17 ಪರಮಾಣು, 130 ಎಲೆಕ್ಟ್ರಾನು. ಒಂದೊಂದರ ನೆಲೆಗೂ ಮೂರು ಅಂಕಿ ಬೇಕು, ಒಟ್ಟು 390. ಇವನ್ನು ಬಿಡಿಬಿಡಿಯಾಗಿ ಲೆಕ್ಕಿಸಿಬಿಡಬಹುದಿತ್ತು. ಆದರೆ ಒಂದೊಂದು ಎಲೆಕ್ಟ್ರಾನೂ ಉಳಿದ ನೂರಾ ಇಪ್ಪತ್ತೊಂಬತ್ತನ್ನು ನೋಡಿಕೊಂಡೇ ತನ್ನ ಜಾಗ ಆರಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ಬೀಗರನ್ನು ಕೂಡಿಸಿದ ಅನುಭವವಿರುವವರಿಗೆ ಇದು ಚೆನ್ನಾಗಿ ಅರ್ಥವಾದೀತು. ಸೋದರಮಾವ ಬಂದನೆಂದು ಚಿಕ್ಕಪ್ಪ ಎದ್ದು ಆಚೆ ಸರಿದರೆ, ಅವನು ಸರಿದನೆಂದು ಅತ್ತೆ ಇನ್ನೊಂದು ಸಾಲಿಗೆ ಹೋಗುತ್ತಾಳೆ. ಅವಳು ಹೋದಳೆಂದು ಸೋದರಮಾವನೇ ಮತ್ತೆ ಏಳುತ್ತಾನೆ. ಎಲ್ಲರೂ ಒಮ್ಮೆ ನೆಮ್ಮದಿಯಾಗಿ ಕೂತು ಮತ್ತಾರೂ ಏಳದ ಸ್ಥಿತಿ ಬರುವವರೆಗೆ ಬಡಿಸುವವರು ಕೈಯಲ್ಲಿ ಬಕೆಟ್ಟು ಹಿಡಿದು ನಿಂತಿರಬೇಕು. ಗಣಕಯಂತ್ರವು ರಾತ್ರಿ ಹಗಲು ಮಾಡುವುದು ಇದನ್ನೇ. ಒಂದು ಹಂಚಿಕೆಯನ್ನು ಊಹಿಸುವುದು, ಆ ಊಹೆಯಿಂದ ಹೊಸ ಹಂಚಿಕೆಯನ್ನು ತೆಗೆಯುವುದು, ಎರಡೂ ಒಂದೇ ಆಗುವವರೆಗೆ ಬಿಡದೆ ತಿದ್ದುವುದು.

ಈ ದುಡಿಮೆಯನ್ನು ಮನುಷ್ಯರ ಅಳವಿಗೆ ತಂದವರಲ್ಲಿ ವಾಲ್ಟರ್ ಕೋನ್ ಎಂಬಾತನ ಕಥೆ ಸ್ವಲ್ಪ ನಿಧಾನವಾಗಿ ಹೇಳತಕ್ಕದ್ದು. 1923ರಲ್ಲಿ ವಿಯೆನ್ನಾದಲ್ಲಿ ಯೆಹೂದಿ ಮನೆಯೊಂದರಲ್ಲಿ ಹುಟ್ಟಿದ ಹುಡುಗ. 1939ರಲ್ಲಿ, ಹಿಟ್ಲರನ ಆಳ್ವಿಕೆಯಿಂದ ಮಕ್ಕಳನ್ನಾದರೂ ಪಾರುಮಾಡಲು ಹೊರಟ ರೈಲಿನಲ್ಲಿ ಇಂಗ್ಲೆಂಡು ಸೇರಿದ. ತಂದೆತಾಯಿ ಹಿಂದೆಯೇ ಉಳಿದರು; ಆಮೇಲೆ ಆಷ್‌ವಿಟ್ಸಿನಲ್ಲಿ ಇಬ್ಬರೂ ಸತ್ತರು. ಯುದ್ಧ ಬಿರುಸಾದಾಗ ಇಂಗ್ಲೆಂಡು ಇವನನ್ನೇ ಶತ್ರುದೇಶದವನೆಂದು ಸೆರೆಯಿಟ್ಟು ಕೆನಡಾಕ್ಕೆ ಸಾಗಿಸಿತು. ಅಲ್ಲಿ ಬಿಡುಗಡೆಯಾಗಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಸೇರಿದ. ಆದರೆ ರಸಾಯನಶಾಸ್ತ್ರದ ಕಟ್ಟಡದಲ್ಲಿ ಯುದ್ಧದ ಕೆಲಸ ನಡೆದಿದ್ದುದರಿಂದ ಈ ‘ಶತ್ರು’ವಿಗೆ ಒಳಗೆ ಕಾಲಿಡಲು ಅಪ್ಪಣೆಯಿರಲಿಲ್ಲ. ಹೀಗಾಗಿ ರಸಾಯನಶಾಸ್ತ್ರದ ಪಾಠ ತಪ್ಪಿತು. ಗಣಿತ ಭೌತಶಾಸ್ತ್ರಗಳನ್ನು ಓದಿದ. 1964ರಲ್ಲಿ ಪ್ಯಾರಿಸಿನಲ್ಲಿದ್ದಾಗ ಹೋಹೆನ್‌ಬರ್ಗ್ ಎಂಬ ಕಿರಿಯ ಗೆಳೆಯನೊಡನೆ ಒಂದು ಪ್ರಮೇಯವನ್ನು ಸಾಧಿಸಿದ. ಒಂದೊಂದು ಎಲೆಕ್ಟ್ರಾನಿನ ಬೆನ್ನು ಹತ್ತಬೇಕಾಗಿಲ್ಲ. ಎಲ್ಲಿ ಎಷ್ಟು ದಟ್ಟಣೆಯಿದೆಯೆಂಬ ಒಂದು ಲೆಕ್ಕ ಸಿಕ್ಕರೆ ಸಾಕು, ಪದಾರ್ಥದ ಗುಣವೆಲ್ಲ ಅದರಲ್ಲಿಯೇ ಅಡಗಿದೆ. 390 ಅಂಕಿಗಳ ಜಾಗದಲ್ಲಿ ಮೂರೇ ಅಂಕಿಗಳ ಮೇಲೆ ನಿಂತ ಒಂದು ದಟ್ಟಣೆ! ಮರುವರ್ಷ ಶಾಮ್ ಎಂಬವರೊಡನೆ ಸೇರಿ ಅದನ್ನು ಲೆಕ್ಕಕ್ಕಿಳಿಸುವ ದಾರಿಯನ್ನೂ ತೋರಿದ. 1998ರಲ್ಲಿ, ಜಾನ್ ಪೋಪಲ್ ಅವರೊಡನೆ, ಕೋನ್‌ಗೆ ನೊಬೆಲ್ ಪಾರಿತೋಷಕ ಬಂದಿತು, ಬಂದದ್ದು ರಸಾಯನಶಾಸ್ತ್ರದಲ್ಲಿ. ಬಾಗಿಲಲ್ಲಿ ತಡೆದ ಮನೆಯಿಂದಲೇ ಮರ್ಯಾದೆಯ ವೀಳ್ಯ ಬಂದ ಹಾಗಾಯಿತು.

ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ, ಮತ್ತು ಅದರ ಹಿಂದೆ ನಿಂತವರಲ್ಲಿ ಮೊದಲು ಹೇಳಬೇಕಾದ ಹೆಸರು ಸಿ. ಎನ್. ಆರ್. ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪದವಿ, ಕಾಶಿಯಲ್ಲಿ ಎಂ. ಎಸ್‌ಸಿ., ಅಮೆರಿಕದ ಪರ್ಡ್ಯೂದಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದು 1959ರಲ್ಲಿ ತಾಯ್ನಾಡಿಗೆ ಮರಳಿದವರು. ಅಲ್ಲಿಯೇ ಉಳಿಯಬಹುದಾಗಿದ್ದ ಕಾಲದಲ್ಲಿ, ಸಲಕರಣೆಗಳ ಬಡತನ ಬಲ್ಲೆನೆಂದೇ ಬಂದರು. ಕಾನ್ಪುರದಲ್ಲಿ ಹಲವು ವರ್ಷ ಕಳೆದು, 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ ಘನಸ್ಥಿತಿ ಮತ್ತು ಸಂರಚನಾ ರಸಾಯನ ಘಟಕವನ್ನು ಕಟ್ಟಿದರು. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಅಡಿಗಲ್ಲಾದರು. ಭಾರತರತ್ನವಾದದ್ದು ಓದುಗರು ಬಲ್ಲರು. ರಾವ್ ಕೈಯಿಂದ ಪದಾರ್ಥ ತಯಾರಿಸಿದವರು, ಲೆಕ್ಕವನ್ನೇ ನೆಚ್ಚಿದವರಲ್ಲ. ಆದರೆ ಲೆಕ್ಕದವರಿಗೂ ತಮ್ಮ ಸೂರಿನಡಿ ಜಾಗವಿಟ್ಟರೆಂಬುದು ಇಲ್ಲಿ ಮುಖ್ಯ. ನೆಹರೂ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆಯೇ ಪದಾರ್ಥಗಳ ಗುಣ ಕಂಡುಹಿಡಿಯುವ ಉಮೇಶ ವಾಘ್ಮಾರೆ ಅವರಿಗೆ 2015ರ ಇನ್ಫೋಸಿಸ್ ಪ್ರಶಸ್ತಿ ಬಂದಿತು.

ಲೆಕ್ಕದಿಂದಲೇ ಹೊಸದನ್ನು ಕಂಡ ಉದಾಹರಣೆ ಬೇಕೆನ್ನುವವರಿಗೆ ಅದೇ ಘನಸ್ಥಿತಿ ಘಟಕದ ಎಸ್. ಯಶೋನಾಥ್ ಅವರ ಕೆಲಸವಿದೆ. 1980ರ ದಶಕದಲ್ಲಿ ರಾವ್ ಅವರೊಡನೆಯೂ ಲೇಖನಗಳನ್ನು ಬರೆದ ಇವರು ತರುವಾಯ ಹಿಡಿದದ್ದು ಜಿಯೋಲೈಟುಗಳನ್ನು. ಜಿಯೋಲೈಟೆಂದರೆ ಗ್ರೀಕಿನಲ್ಲಿ ಕುದಿಯುವ ಕಲ್ಲು. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಅದನ್ನು ಕಾಯಿಸಿದಾಗ ಉಗಿ ಬಂದುದರಿಂದ ಆ ಹೆಸರು. ಅದರ ಮೈಯೂ ಸಿಲಿಕಾನು, ಅಲ್ಯುಮಿನಿಯಮ್ಮು, ಆಮ್ಲಜನಕವೇ. ಖಾನಾಪುರದ ಮಣ್ಣಿಗೆ ದಾಯಾದಿ ಎನ್ನಬಹುದು. ಆದರೆ ಹಾಳೆಯಾಗಿ ಮಲಗುವ ಬದಲು ಇದು ಕಿಟಕಿ ಕೋಣೆಗಳುಳ್ಳ ವಾಡೆಯಂತೆ ಎದ್ದು ನಿಂತಿರುತ್ತದೆ. ಕಚ್ಚಾ ಎಣ್ಣೆಯನ್ನು ಸೀಳಿ ಪೆಟ್ರೋಲು ಮಾಡುವಲ್ಲಿ, ಬಟ್ಟೆ ತೊಳೆಯುವ ಪುಡಿಯಲ್ಲಿ, ಅನಿಲಗಳನ್ನು ಸೋಸುವಲ್ಲಿ ಈ ವಾಡೆಗಳು ಕೆಲಸಕ್ಕೆ ಬರುತ್ತವೆ. ಅಣುಗಳು ಇವುಗಳ ಕಿಟಕಿಯಿಂದ ಕಿಟಕಿಗೆ ನುಸುಳಿ ಸಾಗಬೇಕು. ಅಣು ದೊಡ್ಡದಾದಷ್ಟೂ ನಡೆ ನಿಧಾನವಾಗುವುದೆಂದು ಯಾರಾದರೂ ಹೇಳಿಯಾರು. ಗಣಕಯಂತ್ರದಲ್ಲಿ ಅಣುಗಳ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ ನೋಡಿದ ಯಶೋನಾಥ್ ಮತ್ತು ಸಾಂತಿಕಾರಿ ಅವರು ಬೇರೆಯದನ್ನೇ ಕಂಡು 1994ರಲ್ಲಿ ಪ್ರಕಟಿಸಿದರು. ಅಣು ದೊಡ್ಡದಾಗುತ್ತ ಹೋದಂತೆ ಮೊದಲು ನಡೆ ಕುಗ್ಗುತ್ತದೆ, ನಿಜ. ಆದರೆ ಅದರ ಗಾತ್ರ ಕಿಟಕಿಯ ಅಳತೆಗೆ ಸಮೀಪಿಸಿದಾಗ ನಡೆ ಇದ್ದಕ್ಕಿದ್ದಂತೆ ಚುರುಕಾಗುತ್ತದೆ!

ಕಾರಣ ಬೆಳಗಾವಿಯ ಖಡೇಬಜಾರಿನಲ್ಲಿ ಹಬ್ಬದ ಮುನ್ನಾದಿನ ನಡೆದವರಿಗೆ ತಿಳಿಯದಿರದು. ಅಗಲವಾದ ಬೀದಿಯಲ್ಲಿ ಎಡಸಾಲಿಗೆ ತೀರ ಹತ್ತಿರ ಹೋದಿರೋ, ಎಡಗಡೆಯ ಅಂಗಡಿಯವನು ‘ಬರ್ರಿ, ಬರ್ರಿ’ ಎಂದು ಒಳಗೆಳೆದುಕೊಳ್ಳುತ್ತಾನೆ. ಬಲಕ್ಕೆ ಸರಿದರೆ ಬಲಗಡೆಯವನು. ಹೀಗೆ ಅಲ್ಲಿ ಇಲ್ಲಿ ಅಂಟಿಕೊಂಡು ಮುಂದೆ ಸಾಗುವುದೇ ಕಷ್ಟ. ಓಣಿ ಅಳತೆಗೆ ತಕ್ಕಷ್ಟೇ ಕಿರಿದಾಗಿದ್ದರೆ ಎರಡೂ ಕಡೆಯ ಸೆಳೆತ ಸಮವಾಗಿ, ಒಂದನ್ನೊಂದು ಹೊಡೆದುಹಾಕಿ, ಗಿರಾಕಿ ನೆಟ್ಟಗೆ ದಾಟಿಬಿಡುತ್ತಾನೆ. ಅಣುವೂ ಹಾಗೆಯೇ ಎಲ್ಲ ದಿಕ್ಕಿನ ಸೆಳೆತ ಕಳೆದುಕೊಂಡು ತೇಲಿದಂತೆ ಹೋಗುವುದರಿಂದ ಇದಕ್ಕೆ ತೇಲುವಿಕೆಯ ಪರಿಣಾಮವೆಂದು ಹೆಸರಾಯಿತು. ಈ ಲೇಖನ ಹೊರಬಂದು ಮೂರು ದಶಕಗಳು ಕಳೆದಿವೆ. ರಂಧ್ರಗಳುಳ್ಳ ಪದಾರ್ಥಗಳ ಭಾಗ್ಯವಂತೂ ಬೆಳೆಯುತ್ತಲೇ ಇದೆ: ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದು ಮಾಡಿದ ಇಂಥ ವಾಡೆಗಳಿಗಾಗಿ 2025ರಲ್ಲಿ ಕಿಟಗಾವ, ರಾಬ್ಸನ್ ಮತ್ತು ಯಾಘಿ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂದಿದೆ.

ಇಷ್ಟೆಲ್ಲ ಕೀರ್ತಿಯ ಮಾತಾಯಿತು. ಆದರೆ ಇದನ್ನೇ ಬದುಕಾಗಿ ಹಿಡಿಯುವವರ ಮನೆಯ ಮಾತೇನು? ಖಾನಾಪುರದ ಹಂಚಿನ ಭಟ್ಟಿಯನ್ನು ನೆಚ್ಚಿಕೊಂಡ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಗಳು ಜಾಣೆ. ದಿನವೂ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬೆಳಗಾವಿಗೆ ಹೋಗಿ ಬಿ. ಎಸ್‌ಸಿ. ಮುಗಿಸಿದ್ದಾಳೆ. ಸಹಪಾಠಿಗಳಲ್ಲಿ ಕೆಲವರು ಬಿ. ಎಡ್. ಎನ್ನುತ್ತಾರೆ, ಕೆಲವರು ಬ್ಯಾಂಕಿನ ಪರೀಕ್ಷೆ ಎನ್ನುತ್ತಾರೆ. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ನೆಲೆಸಿರುವುದರಿಂದ ನೆರೆಹೊರೆಗೆ ಎಂಜಿನಿಯರೆಂಬ ಶಬ್ದ ಚೆನ್ನಾಗಿ ಗೊತ್ತು. ಅದರ ಸಂಬಳವೂ ಗೊತ್ತು. ಇವಳು ಮಾತ್ರ ಎಂ. ಎಸ್‌ಸಿ. ಎನ್ನುತ್ತಾಳೆ, ಆಮೇಲೆ ಪಿಎಚ್. ಡಿ. ಎನ್ನುತ್ತಾಳೆ. ಅಜ್ಜನಿಗೆ ಓದಿನ ವಿಷಯದಲ್ಲಿ ತಕರಾರಿಲ್ಲ. ಅವನ ಸಂದೇಹವೇ ಬೇರೆ.

“ಏನವಾ, ಮಣ್ಣಿನ ಮ್ಯಾಲೇ ಓದತೀನಿ ಅಂತಿ. ಮಣ್ಣ ಮುಟ್ಟೂದಿಲ್ಲ, ಬೆಂಕಿ ಹಚ್ಚೂದಿಲ್ಲ. ಹಂಗಾದ್ರ ನೀ ಮಾಡೂದರ ಏನು?”

“ಲೆಕ್ಕಾ ಹಾಕೂದು, ಅಜ್ಜಾ. ಎಷ್ಟ ಬೆಂಕಿಗೆ ಏನ ಆಗತೈತಿ ಅಂತ.”

“ಅದು ನನಗ ಗೊತ್ತೈತೆಲ್ಲ!”

ಮುದುಕನ ಮಾತನ್ನು ತಳ್ಳಿಹಾಕುವಂತಿಲ್ಲ. ಅವನಿಗೆ ಗೊತ್ತಿರುವುದು ಈ ಊರಿನ ಈ ಮಣ್ಣು. ಇದುವರೆಗೆ ಯಾರೂ ಕಲಸದ ಮಣ್ಣು, ಯಾವ ನೆಲದಲ್ಲೂ ಇಲ್ಲದ ಪದಾರ್ಥ ಹೇಗಿದ್ದೀತೆಂದು ಕೇಳಿದರೆ ಅವನ ಹೆಬ್ಬೆರಳು ಸುಮ್ಮನಾಗುತ್ತದೆ. ಮೊಮ್ಮಗಳ ವಿದ್ಯೆ ಆರಂಭವಾಗುವುದು ಅಲ್ಲಿಂದ. ಇದನ್ನು ಅವನಿಗೆ ವಿವರಿಸುವಷ್ಟು ತಾಳ್ಮೆ ಅವಳಿಗೆ ಇದ್ದರೆ ಒಳ್ಳೆಯದು; ಸಂಶೋಧನೆಗೆ ಬೇಕಾದುದೂ ಅದೇ ತಾಳ್ಮೆ.

ಅವಳ ಮುಂದಿನ ದಾರಿಯನ್ನು ವರ್ಷಗಳಲ್ಲಿ ಎಣಿಸಿದರೆ ತಂದೆಯ ಆತಂಕ ಅರ್ಥವಾಗುತ್ತದೆ. ಇಪ್ಪತ್ತೊಂದಕ್ಕೆ ಬಿ. ಎಸ್‌ಸಿ. ಆಯಿತು. ಎಂ. ಎಸ್‌ಸಿ.ಗೆ ಧಾರವಾಡವಾಗಬಹುದು, ಇಲ್ಲವೆ 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಬಹುದು. ಅದಾದ ಮೇಲೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ತೇರ್ಗಡೆಯಾದರೆ ಬೆಂಗಳೂರು, ಅಲ್ಲಿ ಐದು ವರ್ಷ, ಕೆಲವೊಮ್ಮೆ ಆರು. ಕಿರಿಯ ಸಂಶೋಧಕರ ಮಾಸಿಕ ವೇತನವನ್ನು 2023ರಲ್ಲಿ 37,000 ರೂಪಾಯಿಗೆ ಏರಿಸಲಾಯಿತು. ಮೊದಲಿಗಿಂತ ಉತ್ತಮವೇ, ಆದರೆ ಬೆಂಗಳೂರಿನ ಬಾಡಿಗೆ ಬಲ್ಲವರು ಇದನ್ನು ಐಶ್ವರ್ಯವೆನ್ನಲಾರರು. ಡಾಕ್ಟರೇಟ್ ಬರುವ ಹೊತ್ತಿಗೆ ವಯಸ್ಸು ಇಪ್ಪತ್ತೆಂಟು ಇಪ್ಪತ್ತೊಂಬತ್ತು. ಆಮೇಲೂ ಎರಡು ಮೂರು ವರ್ಷ ಹೊರದೇಶದ ಯಾವುದಾದರೂ ಪ್ರಯೋಗಶಾಲೆಯಲ್ಲಿ ದುಡಿಯದಿದ್ದರೆ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಬೆಲೆ ಕಡಿಮೆ. ಅಷ್ಟರಲ್ಲಿ ಓಣಿಯ ಅವಳ ಓರಗೆಯವರ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಮನೆಯವರ ಮೇಲೆ ಬೀಳುವ ಮಾತಿನ ಏಟನ್ನು ಯಾವ ಗಣಕಯಂತ್ರವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಡುಮಗನಾಗಿದ್ದರೆ ಏಟು ಸ್ವಲ್ಪ ಹಗುರ, ಅಷ್ಟೆ.

ಆ ವರ್ಷಗಳಲ್ಲಿ ಅವಳು ಮಾಡುವ ಕೆಲಸವೂ ಹೊರಗಿನವರಿಗೆ ತೋರುವಂಥದಲ್ಲ. ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ‘ಪರಮ್ ಪ್ರವೇಗ’ ಎಂಬ ಮಹಾಗಣಕವಿದೆ. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಒಂದು ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. ಇಂಥ ಯಂತ್ರದ ಮುಂದೆಯೂ ಸರದಿ ಇರುತ್ತದೆ, ರೇಷನ್ ಅಂಗಡಿಯಂತೆ! ತನ್ನ ಪಾಳಿ ಬಂದು, ಲೆಕ್ಕ ಮೂರು ದಿನ ನಡೆದು, ನಾಲ್ಕನೆಯ ಬೆಳಗ್ಗೆ ನೋಡಿದರೆ ಎಲೆಕ್ಟ್ರಾನುಗಳ ಪಂಕ್ತಿ ಕೂರಲೇ ಇಲ್ಲವೆಂದು ಒಂದು ಸಾಲಿನ ಉತ್ತರ ಬಂದಿರುತ್ತದೆ. ಎಲ್ಲೋ ಒಂದು ಅಂಕಿ ತಪ್ಪಿರುತ್ತದೆ. ತಿದ್ದಿ ಮತ್ತೆ ಪಾಳಿಯಲ್ಲಿ ನಿಲ್ಲಬೇಕು. ಉತ್ತರ ಬಂದರೂ ಅದು ನಿಜವೆಂಬ ಭರವಸೆಯಿಲ್ಲ. ಕೋನ್ ತೋರಿದ ದಾರಿಯಲ್ಲಿ ಒಂದು ಅಂಶವನ್ನು ಅಂದಾಜಿನಿಂದಲೇ ತುಂಬಬೇಕು. ಆ ಅಂದಾಜು ಕೆಲವು ಪದಾರ್ಥಗಳಲ್ಲಿ ಚೆನ್ನಾಗಿ ನಡೆಯುತ್ತದೆ, ಕೆಲವುದರಲ್ಲಿ ಕೈಕೊಡುತ್ತದೆ. ಪದರ ಪದರಗಳ ನಡುವಿನ ಮೆತ್ತನೆಯ ಸೆಳೆತಗಳಲ್ಲಿ ಹಳೆಯ ಅಂದಾಜುಗಳು ಎಡವಿದ್ದು ಪ್ರಸಿದ್ಧವಾಗಿದೆ. ಯಂತ್ರ ಸುಳ್ಳು ಹೇಳುವಾಗಲೂ ಎಂಟು ದಶಾಂಶ ಸ್ಥಾನಗಳವರೆಗೆ ಠೀವಿಯಿಂದ ಹೇಳುತ್ತದೆ! ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ತೀರ್ಮಾನವೇ ಈ ವಿದ್ಯೆಯ ಜೀವಾಳ; ಅದು ಬರುವುದು ಗೆಣ್ಣಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದವರಿಗೆ ಮಾತ್ರ.

ಒಂದು ವಿಷಯದಲ್ಲಿ ಈ ಕ್ಷೇತ್ರ ಚಿಕ್ಕ ಊರುಗಳಿಗೆ ದಯಾಳು. ಪ್ರಯೋಗದ ರಸಾಯನಶಾಸ್ತ್ರಕ್ಕೆ ಕೋಟಿಗಟ್ಟಲೆ ಬೆಲೆಯ ಉಪಕರಣ ಬೇಕು. ಅದು ಕೆಟ್ಟರೆ ದುರಸ್ತಿಗೆ ಬರುವ ಪರಿಣತನಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಲೆಕ್ಕದವರಿಗೆ ದೂರದ ಮಹಾಗಣಕವನ್ನು ತಂತಿಯ ಮೂಲಕವೇ ಬಳಸಲು ಅಡ್ಡಿಯಿಲ್ಲ, ಬೇಕಾದ ಕ್ರಮವಿಧಿಗಳಲ್ಲಿ ಹಲವು ಬಿಟ್ಟಿಯಾಗಿಯೇ ದೊರೆಯುತ್ತವೆ. ಬೆಳಗಾವಿಯ ಕಾಲೇಜೊಂದರ ಕೋಣೆಯಲ್ಲಿ ಕುಳಿತು, ಯಮನಾಪುರದ ಅಲ್ಯುಮಿನಾದ ನಡುವಣ ಅವತಾರಗಳನ್ನೋ ಖಾನಾಪುರದ ಮಣ್ಣನ್ನೋ ಲೆಕ್ಕಿಸುವುದಕ್ಕೆ ಯಂತ್ರದ ದೆಸೆಯಿಂದ ಅಡ್ಡಿ ಕಡಿಮೆ. ಕೊರತೆಯಿರುವುದು ಬಿಡುವಿಗೆ. ವಾರಕ್ಕೆ ಹದಿನಾರು ಹದಿನೆಂಟು ತಾಸು ಪಾಠ, ಮೇಲೆ ಪರೀಕ್ಷೆ, ಅದರ ಮೇಲೆ ಮೌಲ್ಯಮಾಪನ, ಎಲ್ಲಕ್ಕೂ ಮೇಲೆ ಸಮಿತಿಗಳಿಗೆ ಕಳುಹಿಸುವ ವರದಿ. ಇಷ್ಟರ ನಡುವೆ ಮೂರು ದಿನ ಓಡುವ ಲೆಕ್ಕದ ಮೇಲೆ ಕಣ್ಣಿಡುವುದಾದರೂ ಹೇಗೆ? ಗಣಿತದ ಪ್ರತಿಭೆ ಈ ಸೀಮೆಗೆ ಹೊಸದೂ ಅಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಕೇಂಬ್ರಿಜಿನ ರ್‍ಯಾಂಗ್ಲರ್ ಆಗಿ ಬಂದು, 1954ರಿಂದ 1967ರವರೆಗೆ ಕುಲಪತಿಗಳಾಗಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಧಾರವಾಡದ ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದರು. ಪರದೇಶದಲ್ಲಿ ಕಲಿತ ಲೆಕ್ಕವನ್ನು ಊರ ಹುಡುಗರಿಗೆಂದೇ ತಿರುಗಿ ತಂದವರವರು.

ಖಾನಾಪುರದ ಆ ಮನೆಯ ಮೊಮ್ಮಗಳಂಥವರು ಎಂದಾದರೂ ಹಾಗೆ ತಿರುಗಿ ಬಂದರೆ ಅವರಿಗೆ ಕೆಲಸಕ್ಕೇನೂ ಬರವಿಲ್ಲ. ಮಣ್ಣಿನ ಕಣಗಳ ನಡುವೆ ನೀರು ಏನು ಮಾಡುತ್ತದೆಂಬ ಹಳೆಯ ಪ್ರಶ್ನೆಯೇ ಸಾಕಷ್ಟಿದೆ. ಇದಕ್ಕೆ ಹದಿನೇಳು ಪರಮಾಣುಗಳ ಲೆಕ್ಕ ಸಾಲದು. ಸಾವಿರಾರು ನೀರಿನ ಅಣುಗಳನ್ನು ಒಟ್ಟಿಗೆ ಓಡಿಸಬೇಕು. ಹಾಗೆ ಓಡಿಸಿದಾಗ ಮಹಾಗಣಕದ ವಾರಗಟ್ಟಲೆಯ ದುಡಿಮೆಗೆ ದೊರೆಯುವುದು ಮಣ್ಣಿನ ಬದುಕಿನ ಕೆಲವು ನ್ಯಾನೊಸೆಕೆಂಡುಗಳು, ಹೆಚ್ಚೆಂದರೆ ಮೈಕ್ರೊಸೆಕೆಂಡು; ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಕುಂಬಾರನಾದರೋ ಕಲಸಿದ ಮಣ್ಣನ್ನು ಒದ್ದೆ ಗೋಣಿಯಿಂದ ಮುಚ್ಚಿ ದಿನಗಟ್ಟಲೆ ಹಾಗೆಯೇ ಬಿಟ್ಟಿರುತ್ತಾನೆ. ಕೊಳೆತಷ್ಟೂ ಮಣ್ಣು ಹದವಾಗುವುದೆಂದು ಅವನ ಲೆಕ್ಕ. ಬೆಳಗಿನ ಬಸ್ಸು ಬೆಳಗಾವಿಗೆ ಹೊರಡುವ ಹೊತ್ತಿಗೆ ಗೋಣಿ ಆರಿರುತ್ತದೆ. ಯಾರಾದರೂ ಅದರ ಮೇಲೆ ಮತ್ತೊಂದು ಚಂಬು ನೀರು ಚಿಮುಕಿಸಿ ಹೋಗುತ್ತಾರೆ.